ಚಿಲಕ ನಿಲ್ಲದ ಕೈ

ನನಗೆ ಯಾರ ಮೇಲೂ ನಂಬಿಕೆ ಇಲ್ಲವೆಂದು ನಮ್ಮ ಯಜಮಾನರು ಆಗಾಗ ಹಂಗಿಸುತ್ತಾರೆ. ಇರಬಹುದು. ದಿನಾ ಸಂಜೆ ಮೂರು ಬೀದಿಗಳ ಬಾಗಿಲುಗಳಿಗೆ ಹೊರಗಿನಿಂದ ಚಿಲಕ ಹಾಕಿ, ಬೆಳಿಗ್ಗೆ ಹೋಗಿ ತೆಗೆಯುವ ಹೆಂಗಸಿಗೆ ನಂಬಿಕೆ ಎಲ್ಲಿಂದ ಬರಬೇಕು ಹೇಳಿ? ಹಬ್ಬದ ದಿನ ಜರಿ ಸೀರೆ ಉಟ್ಟು ಎದುರಿಗೆ ಬಂದವರನ್ನು ಕಂಡರೆ ಬೇರೆಯವರು ಸೀರೆ ನೋಡುತ್ತಾರೆ. ನಾನು ಕೈ ನೋಡುತ್ತೇನೆ.

ನಮ್ಮ ಊರಿನಲ್ಲಿ ಸಾಲ ಇರುವವರ ಕೈ ಹಾಕಿದ ಚಿಲಕ ನಿಲ್ಲುವುದಿಲ್ಲ. ಹಾಕಿ ಕೈ ತೆಗೆದರೋ ಇಲ್ಲವೋ, ಠಣ್ ಎಂದು ಬಿದ್ದುಬಿಡುತ್ತದೆ. ಬೀಗ ಜಡಿದರೆ ಬೀಗವೇ ಬಾಯಿ ಬಿಡುತ್ತದೆ. ಒಳಗಿನಿಂದ ಒನಕೆ ಆನಿಸಿದರೆ ಒನಕೆ ಮೆಲ್ಲಗೆ ಜಾರಿ ಮಲಗುತ್ತದೆ. ಹಾಲಿನವನ ತಿಂಗಳ ಬಾಕಿಗೆಲ್ಲ ಹೀಗಾಗುವುದಿಲ್ಲ, ಚಿಲಕ ಸ್ವಲ್ಪ ಲೊಡಲೊಡ ಅನ್ನುತ್ತದೆ, ಅಷ್ಟೇ. ಬಡ್ಡಿ ಸಾಲವಾದರೆ ಮಾತ್ರ ಮುಗಿಯಿತು. ಜನ ಇದಕ್ಕೂ ಒಗ್ಗಿಕೊಂಡಿದ್ದಾರೆ. ಸಾಲದ ಮನೆಗಳಲ್ಲಿ ಚಿಲಕ ಎಟುಕುವಷ್ಟು ಎತ್ತರದ ಮಕ್ಕಳಿಗೆ ಬಲು ಮರ್ಯಾದೆ. ಹೆಣ್ಣು ನೋಡಲು ಬಂದ ಗಂಡಿಗೆ ಉಪ್ಪಿಟ್ಟು ಕೊಡುವ ಮೊದಲು "ಬೀದಿ ಧೂಳು ಬರುತ್ತೆ, ಆ ಬಾಗಿಲು ಸ್ವಲ್ಪ ಹಾಕ್ತೀರಾ" ಎಂದು ಹೆಣ್ಣಿನ ತಂದೆ ನಗುನಗುತ್ತ ಕೇಳುತ್ತಾನೆ. ಬೀದಿಯಲ್ಲಿ ಧೂಳೇ ಇರುವುದಿಲ್ಲ ಅನ್ನುವುದು ಬೇರೆ ಮಾತು. ಮಕ್ಕಳೂ ಇಲ್ಲದ, ಸಾಲ ಇರುವ ಮನೆಗಳಿಗೆ ನಾನಿದ್ದೇನೆ, ಚಿಲಕದ ಚೆನ್ನಾಜಮ್ಮ.

ನಮ್ಮ ಕಸುಬಿಗೆ ಎರಡೇ ಕಟ್ಟಳೆ. ಒಂದು, ಯಾರ ಹತ್ತಿರವೂ ಏನನ್ನೂ ಕಡ ತರಬಾರದು. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆಯನ್ನೂ ಇಸಿದುಕೊಂಡವಳಲ್ಲ ನಾನು. ಎರಡು, ಯಾರ ಮನೆ ಚಿಲಕ ಹಾಕುತ್ತೇನೆ ಎಂದು ಯಾರಿಗೂ ಹೇಳಬಾರದು. ಬೀದಿಯಲ್ಲಿ ನಾನು ನಡೆಯುವುದು ಎಲ್ಲರಿಗೂ ಕಾಣುತ್ತದಲ್ಲ ಎಂದು ನೀವು ಕೇಳಬಹುದು. ಕಾಣುತ್ತದೆ. ಅದಕ್ಕೇ ಸಂಜೆ ದೀಪ ಹಚ್ಚುವ ಹೊತ್ತಿಗೆ ಊರವರೆಲ್ಲ ಹಿತ್ತಲ ಕಡೆ ಹೋಗಿ ನಿಲ್ಲುತ್ತಾರೆ. ನನ್ನ ಅತ್ತೆಯ ಕಾಲದಿಂದ ಬಂದ ಮರ್ಯಾದೆ ಅದು. ಅವರೂ ಚಿಲಕದವರೇ. ಸಾಯುವ ಮುಂಚೆ ನನ್ನ ಕೈ ಹಿಡಿದು, "ಬಾಗಿಲಿಗೆ ಹಾಕೋ ಚಿಲಕ ಮೊದಲು ಬಾಯಿಗೆ ಹಾಕ್ಕೋ ತಾಯಿ" ಎಂದಿದ್ದರು.

ಯಜಮಾನರ ಹೆಸರು ಮರಿಬಸಪ್ಪ. ಕೋಟೆಯ ಹೊರಬಾಗಿಲಿನ ಕಾವಲು. ಬಾಗಿಲು ಅನ್ನುವುದು ಮಾತಿಗೆ. ಅಲ್ಲಿ ಕದವೇ ಇಲ್ಲ, ಬರೀ ಕಮಾನು. ಬಂದವರ ಚೀಟಿ ನೋಡಿ ಸಲಾಮು ಹೊಡೆಯುವುದು ಕೆಲಸ. ಕದ ಇರುವುದು ಒಳಕೋಟೆಗೆ. ಅದರೊಳಗೆ ಏನಿದೆಯೋ ಯಾರಿಗೂ ತಿಳಿಯದು. ಕೆಲವರು ಬಂಗಾರ ಅನ್ನುತ್ತಾರೆ, ಕೆಲವರು ಮದ್ದುಗುಂಡು ಅನ್ನುತ್ತಾರೆ. "ಕಾಗದ ಇರುತ್ತೆ ಕಣೇ, ಸರ್ಕಾರದ ಹತ್ರ ಇನ್ನೇನಿರುತ್ತೆ" ಅನ್ನುವುದು ಇವರು. ಆ ಒಳಬಾಗಿಲಿನ ಕಾವಲುಗಾರ ನಿವೃತ್ತನಾದ. ಆ ಜಾಗ ಸಿಕ್ಕರೆ ಸರ್ಕಾರಿ ಮನೆ, ಸಾಯುವವರೆಗೆ ಪಿಂಚಣಿ. ನಾವು ಇರುವ ಬಾಡಿಗೆ ಮನೆಯ ಸೂರು ಪ್ರತಿ ಗಾಳಿಗೂ ನಮ್ಮನ್ನು ಕೇಳಿಕೊಂಡು ಹಾರುವ ಸ್ಥಿತಿಯಲ್ಲಿತ್ತು. ಅರ್ಜಿ ಹಾಕಿದವರು ಇಬ್ಬರು, ಇವರು ಮತ್ತು ಇವರ ಜೊತೆಯೇ ಕಾವಲಿಗೆ ನಿಲ್ಲುವ ಗುರುಪಾದಪ್ಪ. ಇಬ್ಬರಲ್ಲಿ ನಂಬುಗೆ ಪತ್ರ ಯಾರಿಗೆ ಸಿಗುತ್ತದೋ ಅವರಿಗೆ ಜಾಗ. ಪತ್ರ ಕೊಡುವುದಕ್ಕೆ ನಂಬುಗೆ ಕಚೇರಿಯಿಂದ ಅಧಿಕಾರಿ ಮನೆಗೇ ಬಂದು ಚಿಲಕ ಹಾಕಿಸಿ ನೋಡುತ್ತಾರೆ. ಸಾಲ ಇರುವವನ ಕೈಗೆ ಒಳಕೋಟೆಯ ಚಿಲಕ ಕೊಟ್ಟರೆ ಗತಿ ಏನು ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನನಗೋ ಒಂದಿಷ್ಟೂ ಚಿಂತೆ ಇರಲಿಲ್ಲ. ಚಿಲಕದವಳ ಗಂಡನಿಗೆ ಸಾಲವೇ? ಆಗಲೇ ಮನಸ್ಸಿನಲ್ಲಿ ಸರ್ಕಾರಿ ಮನೆಯ ಅಡುಗೆಮನೆಗೆ ಡಬ್ಬಿ ಜೋಡಿಸಿಯೂ ಆಗಿತ್ತು.

ಮಾವಿನಕಾಯಿ ಉಪ್ಪಿನಕಾಯಿ ಹಾಕುವ ದಿನ ಬಂತು ನೋಡಿ ಗ್ರಹಚಾರ. ಮೊಣಕೈವರೆಗೆ ಖಾರದ ಪುಡಿ, ಎಣ್ಣೆ. ಇವರು ಕೆಲಸ ಮುಗಿಸಿ ಬಂದು ಅಡುಗೆಮನೆಯಲ್ಲಿ ಕೂತಿದ್ದರು. "ರೀ, ಆ ಹಿತ್ತಲ ಬಾಗಿಲಿನ ಚಿಲಕ ಹಾಕ್ರೀ, ಬೆಕ್ಕು ಹಾಲಿಗೆ ಹೊಂಚು ಹಾಕ್ತಿದೆ" ಎಂದೆ. "ಇರಲಿ ಬಿಡೇ, ಗಾಳಿ ಬರುತ್ತೆ" ಎಂದರು. "ಗಾಳಿನೂ ಬೇಡ, ಬೆಕ್ಕೂ ಬೇಡ, ಹಾಕಿ" ಎಂದೆ. ಎದ್ದು ಹೋಗಿ ಕದ ಮುಚ್ಚಿದರು, ಚಿಲಕ ಹಾಕಿದರು, ಆಮೇಲೆ ಅದಕ್ಕೇ ಬೆನ್ನು ಕೊಟ್ಟು ಕೈ ಕಟ್ಟಿ ನಿಂತುಬಿಟ್ಟರು.

"ಏನ್ರೀ, ಡ್ಯೂಟಿ ಇನ್ನೂ ಮುಗಿದಿಲ್ವಾ?" ಎಂದು ಕೇಳಿದೆ. "ಸೊಂಟ ನೋವು. ನೆಟ್ಟಗೆ ಆನಿಕೊಂಡು ನಿಂತರೆ ಒಳ್ಳೇದಂತೆ" ಎಂದರು. "ಯಾವ ಡಾಕ್ಟ್ರು ಹೇಳಿದ್ದು?" ಎಂದೆ. ಜಾಡಿ ತುಂಬಿದೆ, ಮೇಲೆ ಎಣ್ಣೆ ಹೊಯ್ದೆ, ಬಾಯಿಗೆ ಬಟ್ಟೆ ಕಟ್ಟಿದೆ. ಮನುಷ್ಯ ಕದಲಲಿಲ್ಲ. "ಬನ್ನಿ, ಕಾಫಿ ಕುಡೀರಿ." "ಇಲ್ಲಿಗೇ ಕೊಡು." ಆಗ ನಾನು ಅವರ ಕೈ ನೋಡಿದೆ. "ಒಂದು ಹೆಜ್ಜೆ ಮುಂದೆ ಬನ್ನಿ" ಎಂದೆ. "ಚೆನ್ನೀ..." ಎಂದರು. "ಬನ್ನಿ ಅಂದೆ." ಬಂದರು. ಠಣ್ ಎಂದಿತು. ಕದ ಸರಿಯಿತು, ಹೊರಗೆ ಕಾದಿದ್ದ ಬೆಕ್ಕು ನೆಂಟರ ಹಾಗೆ ಗತ್ತಿನಿಂದ ಒಳಗೆ ಬಂತು. ಅಯ್ಯೋ ಶಿವನೇ ಎಂದು ನಾನು ಹಣೆ ಬಡಿದುಕೊಂಡೆ. ಖಾರದ ಕೈ ಎನ್ನುವುದು ಮರೆತೇ ಹೋಗಿತ್ತು. ಆಮೇಲೆ ಕಣ್ಣಲ್ಲಿ ಸುರಿದ ನೀರು ಖಾರದ್ದೋ ನನ್ನದೋ, ಇವತ್ತಿಗೂ ಗೊತ್ತಿಲ್ಲ.

ದೀಪದ ಬುಡದಲ್ಲೇ ಕತ್ತಲು ಅನ್ನುವುದು ಇದಕ್ಕೇ ಇರಬೇಕು. ನಮ್ಮ ಮನೆಯಲ್ಲಿ ಮೊದಲಿನಿಂದಲೂ ಚಿಲಕ ಹಾಕುವುದು ನಾನೇ. ಇವರ ಕೈ ಯಾವತ್ತಿಂದ ನಿಲ್ಲುತ್ತಿಲ್ಲ ಎಂದು ತಿಳಿಯುವ ಬಗೆಯೇ ಇರಲಿಲ್ಲ. ಕಣ್ಣು ತೊಳೆದುಕೊಂಡು ಬಂದು ಎದುರಿಗೆ ಕೂತೆ. "ಇಸ್ಪೀಟಾ?" ತಲೆ ಅಲ್ಲಾಡಿಸಿದರು. "ಕುಡಿತವಾ?" ಇಲ್ಲ. "ಹಾಗಾದ್ರೆ ಯಾವಳು ಅವಳು?" ಎಂದಾಗ ಮಾತ್ರ ತಲೆ ಎತ್ತಿದರು. "ನಮ್ಮ ದಾಕ್ಷಿ" ಎಂದರು.

ದಾಕ್ಷಾಯಿಣಿ ಇವರ ತಂಗಿ. ಕೆರೆಯ ಆಚೆಯ ಬೀದಿಯಲ್ಲಿ ಒಬ್ಬಳೇ ಇದ್ದಳು. ಗಂಡ ಎನ್ನಿಸಿಕೊಂಡವನು ಅವಳ ಹೆಸರಿನಲ್ಲಿ ಸಾಲ ಎತ್ತಿ ಊರು ಬಿಟ್ಟಿದ್ದ. ಅವಳ ಕೈಯ ಚಿಲಕ ನಿಲ್ಲದೆ ಬಾಗಿಲು ರಾತ್ರಿಯೆಲ್ಲ ತೆರೆದೇ ಇರುತ್ತಿತ್ತಂತೆ. ಆ ಬೀದಿಯ ಚಿಲಕದವಳಿಗೆ ಕೊಡಲು ಕೂಲಿ ಇಲ್ಲ. ಹಗಲು ಹೊತ್ತಿನಲ್ಲೇ ಯಾರೋ ಇಬ್ಬರು ಒಳಗೆ ಬಂದು, ನೀರು ಕೇಳಿ, ಕೂತು, ನಕ್ಕು ಹೋದರಂತೆ. ಅದನ್ನು ಕೇಳಿದ ದಿನವೇ ಇವರು ಹೋಗಿ ಅವಳ ಸಾಲವನ್ನು ಎತ್ತಿಕೊಂಡಿದ್ದಾರೆ. ಎತ್ತಿಕೊಳ್ಳುವುದೂ ನಮ್ಮೂರಿನ ಒಂದು ರೂಢಿ. ಸಾಲ ಕೊಟ್ಟವನ ಹೊಸ್ತಿಲು ಮುಟ್ಟಿ "ಎತ್ತಿಕೊಂಡೆ" ಎಂದರಾಯಿತು, ಅವನು "ಹೂಂ" ಅನ್ನಬೇಕು. ಆ ಕ್ಷಣಕ್ಕೆ ಒಬ್ಬರ ಕೈಯ ಚಿಲಕ ನಿಲ್ಲುತ್ತದೆ, ಇನ್ನೊಬ್ಬರದು ಬೀಳುತ್ತದೆ.

"ನನಗ್ಯಾಕೆ ಹೇಳಲಿಲ್ಲ?" ಎಂದು ಕೇಳಿದೆ. "ನಿನ್ನ ಕಸುಬು ನಡೆಯೋದೇ ಹೆಸರಿನ ಮೇಲೆ. ಚಿಲಕದವಳ ಗಂಡಂಗೇ ಸಾಲ ಅಂತ ಸುದ್ದಿಯಾದ್ರೆ ಯಾರು ಕರೀತಾರೆ ನಿನ್ನ? ತೀರಿಸಿಬಿಟ್ಟು ಹೇಳೋಣ ಅಂದ್ಕೊಂಡೆ. ಎರಡು ವರ್ಷ ಆಯ್ತು" ಎಂದರು. ಬೈಯಲು ಬಾಯಿ ತೆರೆದವಳಿಗೆ ಬೈಗುಳ ಬರಲಿಲ್ಲ. ದಾಕ್ಷಿಯ ಬಾಗಿಲು ಕಣ್ಣಿಗೆ ಕಟ್ಟಿತು. "ಕೊಟ್ಟವರು ಯಾರು?" ಎಂದೆ. "ಗಡಿಯಾರದ ಕೇಶವಯ್ಯ."

ಕೇಶವಯ್ಯನನ್ನು ನಮ್ಮೂರಲ್ಲಿ ಎಲ್ಲರೂ ಹೊಗಳುತ್ತಾರೆ. ಜೋರು ಮಾತಿಲ್ಲ, ಮನೆ ಮುಂದೆ ನಿಂತು ಮಾನ ಕಳೆಯುವುದಿಲ್ಲ. ಕೋಟೆ ರಸ್ತೆಯಲ್ಲಿ ಅವನ ಗಡಿಯಾರದ ಅಂಗಡಿ. ಅದು ಮುಚ್ಚಿದ್ದನ್ನು ನಾನು ಒಂದು ದಿನವೂ ಕಂಡಿಲ್ಲ. ಅಲ್ಲೇ ಊಟ, ಅಲ್ಲೇ ನಿದ್ದೆ. "ಗಡಿಯಾರಗಳಿಗೆ ಒಬ್ಬರಾದರೂ ಕಿವಿ ಕೊಡ್ತಾ ಇರಬೇಕು ತಾಯಿ, ಇಲ್ಲಾಂದ್ರೆ ಹಿಂದೆ ಬೀಳ್ತವೆ" ಅನ್ನುತ್ತಾನೆ. ಜನ ಅದನ್ನೂ ಹೊಗಳುತ್ತಾರೆ.

ಮಾರನೆಯ ದಿನ ನನ್ನ ಗುಂಡಿನ ಸರವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಇವರನ್ನೂ ಕರೆದುಕೊಂಡು ಅವನ ಅಂಗಡಿಗೆ ಹೋದೆ. ತವರಿನ ಸರ. ಸಾಲ, ಬಡ್ಡಿ ಎರಡಕ್ಕೂ ಸಾಕಾಗಿ ಒಂದಿಷ್ಟು ಮಿಗುತ್ತಿತ್ತು. ಹೊಸ್ತಿಲ ಮೇಲೆ ಇಟ್ಟೆ. ಕೊಟ್ಟವನು "ಮುಟ್ಟಿತು" ಎಂದರೆ ಸಾಲ ತೀರಿದ ಹಾಗೆ. ಅವನು ಸರವನ್ನು ಬೆರಳಲ್ಲೂ ಮುಟ್ಟಲಿಲ್ಲ. "ಛೇ ಛೇ, ಹೆಣ್ಣುಮಕ್ಕಳ ಕತ್ತಿನದು. ನಾನೇನು ಕಟುಕನಾ? ಈಗೇನು ಅವಸರ ಚೆನ್ನಾಜಮ್ಮಾ?" ಎಂದ. "ಅವಸರ ಇದೆ ಸ್ವಾಮಿ, ನಂಬುಗೆ ಕಚೇರಿಯವರು ಬರ್ತಾರೆ" ಎಂದೆ. "ಗೊತ್ತು ಗೊತ್ತು, ಅದಕ್ಕೂ ದಾರಿ ಇದೆ. ಅವರು ಬರೋ ದಿನ ನೀವು ಯಜಮಾನರ ಸಾಲ ಎತ್ತಿಕೊಳ್ಳಿ. ಅವರ ಕೈ ನಿಲ್ಲುತ್ತೆ, ಪತ್ರ ಬರುತ್ತೆ. ಆಮೇಲೆ ವಾಪಸ್ ಅವರ ಹೆಸರಿಗೆ ಹೊರಿಸಿ. ನಿಧಾನಕ್ಕೆ ತೀರಿಸಲಿ. ಬಡ್ಡಿನೂ ಬೇಡ ಬಿಡಿ" ಎಂದ.

ಇವರ ಮುಖ ಅರಳಿತು. ನನಗೆ ಮಾತ್ರ ಅನುಮಾನ ಹತ್ತಿತು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎನ್ನುವ ಕಾಲದಲ್ಲಿ, ಕೊಡಲು ಬಂದ ಬಂಗಾರವನ್ನು ಬೇಡ ಅನ್ನುವ ಸಾಹುಕಾರನನ್ನು ಎಲ್ಲಾದರೂ ಕಂಡಿದ್ದೀರಾ? ಅತಿ ವಿನಯಂ ಧೂರ್ತ ಲಕ್ಷಣಂ. ಸರ ಎತ್ತಿಕೊಂಡು ಹೊರಟೆ. ಅಂಗಡಿಯ ಗಡಿಯಾರಗಳೆಲ್ಲ ಒಂದೇ ಸಲ ಹೊಡೆದುಕೊಳ್ಳತೊಡಗಿದವು. ಅವನು ಬಾಗಿಲವರೆಗೆ ಬಂದು ಕೈ ಮುಗಿದ.

"ಒಂದು ದಿನದ ಮಾತು ಕಣೇ" ಎಂದು ದಾರಿಯುದ್ದಕ್ಕೂ ಇವರ ವರಾತ. ನಾನು ಮರದ ಕೆಳಗೆ ನಿಲ್ಲಿಸಿ ಕೇಳಿದೆ, "ಪತ್ರ ಬಂದ ಮೇಲೆ ಸಾಲ ಯಾರ ಹೆಸರಲ್ಲಿರುತ್ತೆ?" "ನನ್ನ ಹೆಸರಲ್ಲಿ" ಎಂದರು. "ಆಗ ಒಳಕೋಟೆಯ ಚಿಲಕ ಹಾಕೋದು ಯಾರು?" "ನಾನು" ಎಂದವರು ತಮ್ಮ ಕೈ ನೋಡಿಕೊಂಡರು. "ನಿಮ್ಮ ಕೈಯಲ್ಲಿ ಅದು ನಿಲ್ಲಲ್ಲ ಅಂತ ಇಡೀ ಊರಲ್ಲಿ ಗೊತ್ತಿರೋದು ಯಾರಿಗೆ?" ಎಂದು ಕೇಳಿದೆ. ಇವರು ಅಂಗಡಿಯ ಕಡೆ ತಿರುಗಿ ನೋಡಿದರು. "ಅವನಿಗೆ ಸರ ಬೇಡ ಕಣ್ರೀ. ನೀವು ಬೇಕು. ಸಾಲಕ್ಕೆ ಸಿಕ್ಕಿಕೊಂಡ ನೀವು" ಎಂದೆ. ಇವರು ಮರಕ್ಕೆ ಬೆನ್ನು ಆನಿಸಿದರು. "ಹಾಗಾದ್ರೆ ಆ ಅಧಿಕಾರಿಗೆ ಹೇಳಿಬಿಡೋಣ. ಹೋದ್ರೆ ಜಾಗ ಹೋಗ್ಲಿ" ಎಂದರು. ಮದುವೆಯಾದ ಮೇಲೆ ಇವರು ಆಡಿದ ಮಾತುಗಳಲ್ಲಿ ನನಗೆ ಬಲು ಮೆಚ್ಚಿಗೆಯಾದ ಮಾತು ಅದು.

ಅಧಿಕಾರಿ ವಿಶಾಲಾಕ್ಷಿ ಎನ್ನುವ ಹೆಂಗಸು. ನನಗಿಂತ ಚಿಕ್ಕವಳು, ಕನ್ನಡಕ, ಬಗಲಲ್ಲಿ ತನ್ನದೇ ನೀರಿನ ಬಾಟಲಿ. ನಂಬುಗೆ ಕಚೇರಿಯವರು ಯಾರ ಮನೆಯಲ್ಲೂ ಮಜ್ಜಿಗೆಯನ್ನೂ ಮುಟ್ಟುವುದಿಲ್ಲ. ಅವರ ಕೈಯೂ ನಿಲ್ಲಬೇಕಲ್ಲ. ಕೂರಲು ಚಾಪೆ ಹಾಸಿದರೆ ನಿಂತೇ ಇದ್ದಳು. ಅನುಮಾನದಲ್ಲಿ ನನ್ನನ್ನು ಮೀರಿಸುವ ಹೆಂಗಸನ್ನು ಅವತ್ತೇ ಮೊದಲು ಕಂಡಿದ್ದು. "ಬಾಗಿಲು ಹಾಕಿ" ಎಂದಳು. "ಹಾಕಿದರೂ ನಿಲ್ಲೋದಿಲ್ಲ ತಾಯಿ" ಎಂದು ಇವರು ಎಲ್ಲವನ್ನೂ ಹೇಳಿದರು. ದಾಕ್ಷಿಯನ್ನು, ಕೇಶವಯ್ಯನನ್ನು, ಉಪ್ಪಿನಕಾಯಿಯನ್ನೂ. ನಾನು ಸರ ತಂದು ತೋರಿಸಿ, "ಕೊಡೋಕೆ ಹೋದ್ರೆ ಇಸ್ಕೊಳ್ಳಲಿಲ್ಲ ಅಮ್ಮಾ" ಎಂದೆ. ಅವಳು ಅಲ್ಲಿಯವರೆಗೆ ಎತ್ತಲೋ ನೋಡುತ್ತಿದ್ದವಳು ಫಕ್ಕನೆ ನನ್ನ ಕಡೆ ತಿರುಗಿದಳು. "ಸಾಲ ಮಾಡಿದ್ಯಾಕೆ ಅನ್ನೋದು ಆಮೇಲಿನ ಮಾತು. ಇಸ್ಕೊಳ್ಳಲಿಲ್ಲ ಅನ್ನೋದನ್ನ ಇನ್ನೊಂದು ಸಲ ಹೇಳಿ" ಎಂದಳು. ಹೇಳಿದೆ.

ಆಗಲೇ ನಮ್ಮನ್ನು ಕರೆದುಕೊಂಡು ಅಂಗಡಿಗೆ ನಡೆದಳು. ಅವಳ ಎದುರಿಗೇ ಸರವನ್ನು ಹೊಸ್ತಿಲ ಮೇಲೆ ಇಟ್ಟೆ. ಕೇಶವಯ್ಯ ಮುಖದ ಮೇಲಿನ ನಗು ಒಂದು ನೂಲಿನಷ್ಟೂ ಅಳಿಸದೆ, "ಮುಟ್ಟಿತು" ಎಂದ. "ಮೊನ್ನೆ ಯಾಕೆ ಬೇಡ ಅಂದ್ರಿ?" ಎಂದು ಅವಳು ಕೇಳಿದರೆ, "ಮೊನ್ನೆಯಾ? ಮೊನ್ನೆ ಇವರು ಗಡಿಯಾರದ ಬೆಲೆ ಕೇಳೋಕೆ ಬಂದಿದ್ರಲ್ಲ" ಎನ್ನಬೇಕೇ! ಅಬ್ಬಾ ನಿನ್ನ ನಾಲಗೆಗೆ ಹುಳ ಬೀಳ ಎಂದು ಮನಸ್ಸಿನಲ್ಲೇ ಶಪಿಸಿದೆ. ನನ್ನ ಮಾತಿಗೆ ಅವನ ಮಾತು ಎದುರಾಯಿತು, ಅಷ್ಟೇ. ಮನೆಗೆ ಬಂದು ಇವರು ಚಿಲಕ ಹಾಕಿದರು. ನಿಂತಿತು. ಕಂಬದ ಹಾಗೆ ನಿಂತಿತು. ನಮ್ಮ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ವಿಶಾಲಾಕ್ಷಿ ಚಿಲಕವನ್ನು ಎರಡು ಸಲ ಎಳೆದು ನೋಡಿದಳು. "ಸಾಲ ಇತ್ತು ಅಂತ ನಾವು ಯಾರನ್ನೂ ಕೈಬಿಡಲ್ಲ. ಬಂದು ಹೇಳಿದವರಿಗೆ ಪತ್ರ ಕೊಟ್ಟಿದ್ದೂ ಇದೆ" ಎಂದಳು. ನಾನು ಆಸೆಯಿಂದ ನೋಡಿದೆ. "ಆದ್ರೆ ಚಿಲಕದವಳ ಮನೇಲೇ ಎರಡು ವರ್ಷ ಮುಚ್ಚಿಟ್ಟವರು ನಿಮ್ಮ ಯಜಮಾನ್ರು. ಒಳ್ಳೆ ಕಾರಣಕ್ಕೇ ಇರಬಹುದು. ಅಷ್ಟು ಚೆನ್ನಾಗಿ ಮುಚ್ಚಿಡೋ ಮನುಷ್ಯರ ಬಗ್ಗೆ ನಾನು ಯೋಚನೆ ಮಾಡಬೇಕಾಗುತ್ತೆ" ಎಂದಳು. ಹೊರಡುವಾಗ ನನ್ನೊಬ್ಬಳನ್ನೇ ಜಗುಲಿಯ ಮೂಲೆಗೆ ಕರೆದು ಮೆಲ್ಲಗೆ, "ಸಂಜೆ ಚಿಲಕ ಹಾಕೋಕೆ ಹೊಸ ಮನೆಯವರು ಯಾರಾದ್ರೂ ಕರೆದರೆ ನನಗೊಂದು ಮಾತು ತಿಳಿಸ್ತೀರಾ?" ಎಂದಳು. "ನಮ್ಮ ಕಸುಬಲ್ಲಿ ಹಾಗೆ ಹೇಳೋ ಹಾಗಿಲ್ಲ" ಎಂದೆ. "ಗೊತ್ತು. ಅದಕ್ಕೇ ನಿಮ್ಮನ್ನ ಕೇಳ್ತಿರೋದು. ನಿಮ್ಮ ಯಜಮಾನರ ಕಡತ ನಾನಿನ್ನೂ ಕಟ್ಟಿ ಇಟ್ಟಿಲ್ಲ" ಎಂದು ಹೋದಳು. ಇದು ಆಸೆ ತೋರಿಸಿದ್ದೋ, ಹೆದರಿಸಿದ್ದೋ, ಇಲ್ಲಾ ನನ್ನನ್ನೇ ಪರೀಕ್ಷೆ ಮಾಡಿದ್ದೋ ಎಂದು ರಾತ್ರಿಯ ಅಡುಗೆ ತಳ ಹಿಡಿಯುವವರೆಗೆ ಯೋಚಿಸಿದೆ.

ಪತ್ರ ಗುರುಪಾದಪ್ಪನಿಗೆ ಸಿಕ್ಕಿತು. ಅವನ ಚಿಲಕ ಮೊದಲ ಸಲಕ್ಕೇ ಗಟ್ಟಿಯಾಗಿ ನಿಂತಿತಂತೆ, ಅವನು ಬಾಯಿ ಬಿಟ್ಟು ಹೇಳಬೇಕಾದ್ದು ಏನೂ ಇರಲಿಲ್ಲವಂತೆ. ಅವನ ಹೆಂಡತಿ ಸಾವಂತ್ರಮ್ಮ ಬೀದಿಗೆಲ್ಲ ಸಿಹಿ ಬೂಂದಿ ಹಂಚಿದಳು. ನಮ್ಮ ಮನೆಗೂ ತಂದಳು. ನಿಜ ಹೇಳಿದವರಿಗೆ ಬೂಂದಿ, ಚಿಲಕ ನಿಂತವರಿಗೆ ಸರ್ಕಾರಿ ಮನೆ ಎಂದು ನಾನು ಒಳಗೊಳಗೇ ಕುದಿದೆ. ಇವರು ಮಾತ್ರ ಬೂಂದಿ ತಿಂದು, ಕೈ ತೊಳೆದು, ಎಂದಿನ ಹಾಗೆ ಕಮಾನಿನ ಕೆಳಗೆ ಹೋಗಿ ನಿಂತರು. ಸಂಜೆ ಬಂದು, ಚಿಲಕ ತಾವೇ ಹಾಕಿದರು. ಈಗ ಅದೊಂದು ಹೊಸ ಹುಚ್ಚು ಇವರಿಗೆ. ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು. ನೋಡಿದರೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ಗುರುಪಾದಪ್ಪ ಒಳಬಾಗಿಲಿಗೆ ಹೋಗಿ ಹೆಚ್ಚು ದಿನ ಆಗಿರಲಿಲ್ಲ. ದೀಪ ಹಚ್ಚುವ ಹೊತ್ತು. ಚಿಲಕದ ಸುತ್ತು ಹೊರಟಿದ್ದೆ. ಸರ್ಕಾರಿ ಮನೆಗಳ ಕಡೆಯಿಂದ ಸಾವಂತ್ರಮ್ಮ ಸೆರಗು ತಲೆಗೆ ಎಳೆದುಕೊಂಡು ಬಂದು ನನ್ನ ಪಕ್ಕದಲ್ಲೇ ಹೆಜ್ಜೆ ಹಾಕತೊಡಗಿದಳು. ಮೊದಲು ಹುಣಸೆಹಣ್ಣಿನ ಮಾತು ಆಡಿದಳು. ಆಮೇಲೆ ಹಾಸ್ಟೆಲಿನಲ್ಲಿರುವ ಮಗನ ಮಾತು. ಕೊನೆಗೆ ನೆಲ ನೋಡುತ್ತ, "ಚೆನ್ನಕ್ಕಾ, ನಮ್ಮನೆ ಚಿಲಕನೂ ಒಂಚೂರು ಹಾಕ್ತೀರಾ? ಇವರು ರಾತ್ರಿಯೆಲ್ಲ ಕಾವಲಲ್ಲಿ ಇರ್ತಾರೆ, ನನ್ನ ಕೈಗೆ ಉಳುಕು ಬಂದಿದೆ" ಎಂದಳು.

ನಾನು ಅವಳ ಕೈ ನೋಡಿದೆ. ಬಾವು ಇಲ್ಲ, ಪಟ್ಟಿ ಇಲ್ಲ. ಎಲ್ಲವೂ ಒಂದೇ ಸಲ ತಿಳಿದುಹೋಯಿತು. ಅವರ ಸಾಲವೂ ಅದೇ ಕೇಶವಯ್ಯನ ಅಂಗಡಿಯದು. ಪರೀಕ್ಷೆಯ ದಿನ ಗಂಡನ ಸಾಲವನ್ನು ಇವಳು ಎತ್ತಿಕೊಂಡಿದ್ದಾಳೆ. ನಮಗೆ ಹೇಳಿಕೊಟ್ಟ ಪಾಠವನ್ನೇ ಅವನು ಇವರಿಗೂ ಹೇಳಿಕೊಟ್ಟಿದ್ದಾನೆ. ಮೊದಲು ನನಗೆ ಬಂದ ಯೋಚನೆ, ಇವಳನ್ನು ಕಳಿಸಿದ್ದು ಆ ವಿಶಾಲಾಕ್ಷಿಯೇ ಇರಬಹುದೇ ಎಂದು. ನನ್ನ ಬುದ್ಧಿಯೇ ಅಂಥದ್ದು. ಆದರೆ ಹೇಳಿ ಕಳಿಸಿದವಳಾಗಿದ್ದರೆ ಹುಣಸೆಹಣ್ಣಿನಿಂದ ಮಾತು ಶುರು ಮಾಡುತ್ತಿರಲಿಲ್ಲ.

"ಉಳುಕು ಗಂಡಸಿನ ಕೈಗೆ ಯಾವಾಗ ವಾಪಸ್ ಹೋಗುತ್ತೆ?" ಎಂದು ಕೇಳಿದೆ. ಸಾವಂತ್ರಮ್ಮ ಬೆಚ್ಚಿದಳು. ಆಮೇಲೆ ಬೀದಿಯ ನಡುವೆಯೇ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. "ಅಮಾಸೆಗೆ. ಅಮಾಸೆ ದಿನ ಇವರ ಹೆಸರಿಗೇ ಹೊರಿಸಲೇಬೇಕಂತೆ. ನನ್ನ ಓಲೆ ಕೊಡ್ತೀನಿ ಅಂದೆ, ಬೇಡ ಅಂದ. ಹೊರಿಸದಿದ್ರೆ ನಾನು ಎತ್ತಿಕೊಂಡಿದ್ದನ್ನ ಕಚೇರಿಗೆ ಹೇಳ್ತೀನಿ ಅಂತಾನೆ. ಇವರಿಗೆ ಜೈಲಾಗುತ್ತೆ ಚೆನ್ನಕ್ಕಾ. ಮಾಡಿದ ಸಾಲವೂ ದೊಡ್ಡದಲ್ಲ, ಮಗನ ಫೀಜಿಗೆ ತಗೊಂಡಿದ್ದು" ಎಂದಳು. ಅಮಾವಾಸ್ಯೆ ನಾಡಿದ್ದು.

ನಾನು ನಿಂತೆ. ಹೇಳಿಬಿಟ್ಟರೆ ಗುರುಪಾದಪ್ಪನ ಜಾಗ ಹೋಗುತ್ತದೆ, ನಮ್ಮ ಯಜಮಾನರ ಕಡತ ಮೇಲೆ ಬರುತ್ತದೆ, ಆ ಅಡುಗೆಮನೆ ನನ್ನದಾಗುತ್ತದೆ. ಹೇಳಿದರೆ ನಾನು ಚಿಲಕದವಳಲ್ಲ. ಇನ್ನು ಯಾವ ಮುಖ ಹೊತ್ತು ಮೂರು ಬೀದಿ ತಿರುಗಲಿ? ಹೇಳದಿದ್ದರೆ ನಾಡಿದ್ದು ಒಳಕೋಟೆಯ ಚಿಲಕ ಬೀಳುತ್ತದೆ, ಇವಳ ಗಂಡ ಅದರ ಪಕ್ಕದಲ್ಲೇ ನಿಂತಿರುತ್ತಾನೆ. ಆಗ ಹೋಗುವುದು ಜಾಗವಷ್ಟೇ ಅಲ್ಲ, ತಲೆ. ಸಾವಂತ್ರಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.

"ನಾನು ಯಾರಿಗೂ ಹೇಳಲ್ಲ" ಎಂದೆ. ಅವಳು ಕೈ ಮುಗಿಯಲು ಬಂದಳು. ಆ ಕೈಯನ್ನೇ ಹಿಡಿದುಕೊಂಡೆ. "ನೀನೇ ಹೇಳ್ತೀಯ. ನಡಿ, ನಾನು ಜೊತೆಗೆ ಬರ್ತೀನಿ." ಅವಳು ಕೈ ಕಿತ್ತುಕೊಳ್ಳಲು ನೋಡಿದಳು. "ನಮ್ಮ ಹೊಟ್ಟೆ ಮೇಲೆ ಹೊಡೀತಾರೆ" ಎಂದಳು. "ಹೊಡೆದ್ರೆ ಹೊಡೀಲಿ. ನಮ್ಮ ಹೊಟ್ಟೆ ಮೇಲೂ ಹೊಡೆದ್ರು, ಬದುಕಿಲ್ವಾ? 'ನಾನೇ ಬಂದು ಹೇಳಿದೆ' ಅನ್ನೋದೊಂದು ನಿನ್ನ ಹತ್ರ ಇರಲಿ. ಅದಕ್ಕೆ ಬೆಲೆ ಇದೆ ಅಂತ ಆ ಹೆಂಗಸು ನನ್ನ ಮುಂದೆ ಹೇಳಿದ್ದಾಳೆ. ಅವನ ಬಾಯಿಂದ ಗೊತ್ತಾದ್ರೆ ನಿನ್ನ ಹತ್ರ ಏನೂ ಇರಲ್ಲ" ಎಂದೆ. "ಮನೆ ಬಾಗಿಲು ತೆರೆದೇ ಇದೆ ಚೆನ್ನಕ್ಕಾ" ಎಂದಳು. "ಇರಲಿ. ಇವತ್ತೊಂದು ದಿನ ತೆರೆದಿರಲಿ."

ನಂಬುಗೆ ಕಚೇರಿಗೆ ಹೋಗುವ ದಾರಿ ಕೋಟೆ ರಸ್ತೆಯದೇ. ಹಿಡಿದ ಕೈ ಬಿಡದೆ ನಡೆದೆ. ಇವಳನ್ನು ಉಳಿಸಲು ಕರೆದೊಯ್ಯುತ್ತಿದ್ದೇನೆಯೇ, ನಮ್ಮ ಯಜಮಾನರ ಜಾಗಕ್ಕೆ ಎಳೆದೊಯ್ಯುತ್ತಿದ್ದೇನೆಯೇ? ಹೆಜ್ಜೆ ಹೆಜ್ಜೆಗೂ ಕೇಳಿಕೊಂಡೆ. ಊರಿನವರ ಮೇಲೆಲ್ಲ ಅನುಮಾನ ಪಟ್ಟವಳಿಗೆ ಅವತ್ತು ನನ್ನ ಮೇಲೇ ಗುಮಾನಿ. ಸರ್ಕಾರಿ ಮನೆಯ ಡಬ್ಬಿಗಳು ಕಣ್ಣ ಮುಂದೆ ಬರಲಿಲ್ಲ ಎಂದು ಹೇಳಿದರೆ ಸುಳ್ಳಾದೀತು. ಬಂದವು. ಆದರೂ ಅವಳ ಕೈ ಬಿಡಲಿಲ್ಲ.

ಕೇಶವಯ್ಯ ಅಂಗಡಿಯ ಮುಂದೆ ನಿಂತಿದ್ದ. ಚಿಲಕದವಳನ್ನೂ ಒಳಬಾಗಿಲ ಕಾವಲುಗಾರನ ಹೆಂಡತಿಯನ್ನೂ ಒಟ್ಟಿಗೆ ಕಂಡ. ನಾವು ಹೋಗುತ್ತಿದ್ದ ದಿಕ್ಕು ನೋಡಿದ. ಅವನ ಮುಖದ ಮೇಲೆ ಆ ನಗು ಇಲ್ಲದ್ದನ್ನು ನಾನು ಅದೇ ಮೊದಲು ಕಂಡಿದ್ದು. "ಚೆನ್ನಾಜಮ್ಮಾ, ಒಂದು ನಿಮಿಷ, ಗಡಿಯಾರ..." ಎಂದ. ನಾನು ತಿರುಗಿ ನೋಡಲಿಲ್ಲ. ಹಿಂದಿನಿಂದ ಅವನು ಓಡುವ ಸಪ್ಪಳ, ಅಂಗಡಿಯ ಜೋಡಿ ಕದಗಳನ್ನು ಎಳೆಯುವ ಸಪ್ಪಳ. ಎಂದೂ ಮುಚ್ಚದ ಆ ಕದಗಳು ಕಿರುಗುಟ್ಟಿಕೊಂಡು ಕೂಡಿದವು. ಚಿಲಕ ಹಾಕಿದ ಸದ್ದು ಕೇಳಿತು.

ಠಣ್ ಎಂದು ಬಿತ್ತು.

ಸಾವಂತ್ರಮ್ಮ ನನ್ನ ಕೈಯನ್ನು ಗಟ್ಟಿಯಾಗಿ ಅದುಮಿದಳು. "ಅವನಿಗೂನಾ ಚೆನ್ನಕ್ಕಾ? ಯಾರ ಹತ್ರ?" ಎಂದು ಪಿಸುಗುಟ್ಟಿದಳು. ಕೋಟೆ ರಸ್ತೆಯ ಎರಡೂ ಕಡೆ ದೊಡ್ಡ ದೊಡ್ಡ ಮನೆಗಳು, ದೊಡ್ಡ ದೊಡ್ಡ ಬಾಗಿಲುಗಳು, ಎಲ್ಲವೂ ಭದ್ರವಾಗಿ ಮುಚ್ಚಿದ್ದವು. "ನಡಿ, ಹಿಂದೆ ನೋಡಬೇಡ" ಎಂದೆ. ನಾನು ಮಾತ್ರ ನೋಡಿದೆ. ಒಳಗಿನಿಂದ ಅವನು ಚಿಲಕ ಹಾಕುತ್ತಲೇ ಇದ್ದ, ಅದು ಬೀಳುತ್ತಲೇ ಇತ್ತು.